ನಾನೂರ ಹದಿನೇಳರ ಬಲಪೆಡಲು

ವಿಮಾನದ ಪೆಡಲಿನ ಮೇಲೆ ಒಮ್ಮೆಯೂ ಕಾಲಿಡದವರು ಈ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಬಲ್ಲವರೇ ಹೇಳಿದ್ದರೆ ಇದಕ್ಕೆ ಬೇರೆ ತೂಕ ಇರುತ್ತಿತ್ತು. ಅವರು ಹೇಳದೆ ಬಿಟ್ಟವುಗಳಲ್ಲಿ ಇದೂ ಒಂದು. ಎಲ್ಲಾದರೂ ತಪ್ಪಿದ್ದರೆ ಮನ್ನಿಸಬೇಕು.

"ಹಾಕವ್ವ ಸಹಿಯ, ಗಾಳಿ ಕೊರೀತಾ ಐತೆ," ಎಂದ ಸಾರ್ಜೆಂಟ್ ಡಗನ್.

ವೆಲ್ಮಾ ಸ್ಟ್ರೌಡ್ ವಿಮಾನದ ರೆಕ್ಕೆಗೆ ಬೆನ್ನು ಕೊಟ್ಟು ನಿಂತಿದ್ದಳು. ಒಂದು ಕೈಯಲ್ಲಿ ನಾನೂರ ಹದಿನೇಳನೆಯ ನಂಬರಿನ ವಿಮಾನದ ತಪಾಸಣೆ ಪುಸ್ತಕ, ಇನ್ನೊಂದರಲ್ಲಿ ಪೆನ್ಸಿಲ್. ಪೆನ್ಸಿಲು ಕಾಗದದಿಂದ ಒಂದು ಬೆರಳು ಮೇಲೆ ನಿಂತುಬಿಟ್ಟಿತ್ತು. ಟೆಕ್ಸಸ್ಸಿನ ಬಯಲು ಗಾಳಿ ಓಡುದಾರಿಯ ಕೆಂಪು ಧೂಳನ್ನು ತಂದು ಪುಟದ ಮೇಲೆ ಸುರಿಯುತ್ತಿತ್ತು. ಅವಳು ಅದನ್ನು ಮುಂಗೈಯಿಂದ ಒರೆಸುವಳು, ಮತ್ತೆ ಸುರಿಯುವುದು. ಬೆಳಗಿನ ಹನ್ನೊಂದು ಗಂಟೆ. ಸಾವಿರದೊಂಬೈನೂರ ನಲವತ್ತನಾಲ್ಕನೆಯ ಇಸವಿ, ಡಿಸೆಂಬರ್ ಇಪ್ಪತ್ತು. ಆ ದಿನ ಕಳೆದರೆ ದೇಶದ ಸ್ತ್ರೀ ಪೈಲಟ್‌ಗಳ ದಳ ಇರುವುದಿಲ್ಲ, ವೆಲ್ಮಾ ಪೈಲಟ್ ಆಗಿರುವುದಿಲ್ಲ.

ಅಕ್ಟೋಬರಿನಲ್ಲೇ ಕಾಗದ ಬಂದಿತ್ತು. ಗಂಡಸರು ಯುದ್ಧದಿಂದ ಹಿಂತಿರುಗುತ್ತಿದ್ದಾರೆ, ನಿಮ್ಮ ಅಗತ್ಯ ತೀರಿತು, ನಿಮ್ಮ ಸೇವೆಗೆ ವಂದನೆ. ಓದಿ ಮಡಿಸಿ ಇಟ್ಟುಕೊಂಡಿದ್ದಳು. ಅಳಲಿಲ್ಲ. ಈ ತರಬೇತಿ ನೆಲೆಯಲ್ಲಿ ಅವಳ ಕೆಲಸ ದೊಡ್ಡ ಹೆಸರಿನದೇನೂ ಆಗಿರಲಿಲ್ಲ. ಕಲಿಯುವ ಹುಡುಗರು ಕೆಡವಿದ, ಗುದ್ದಿದ, ಎಳೆದಾಡಿದ ವಿಮಾನಗಳನ್ನು ರಿಪೇರಿಯವರು ಸರಿಮಾಡಿ ಕೊಡುವರು. ಅವನ್ನು ಮೊದಲ ಸಲ ಮೇಲಕ್ಕೆ ಒಯ್ದು, ತಿರುಗಿಸಿ, ಮಗುಚಿ, ಬೀಳಿಸಿ, ಎತ್ತಿ, ಕೆಳಗೆ ತಂದು 'ಸರಿಯಿದೆ' ಎಂದು ಸಹಿ ಹಾಕುವುದು. ಹದಿನಾಲ್ಕು ತಿಂಗಳಲ್ಲಿ ಆ ಸಹಿ ಎಷ್ಟು ಪುಸ್ತಕಗಳಲ್ಲಿ ಬಿದ್ದಿತ್ತೋ ಅವಳಿಗೇ ಗೊತ್ತಿಲ್ಲ.

"ಸಾರ್ಜೆಂಟ್, ಬಲಪೆಡಲಲ್ಲಿ ಏನೋ ಆಯ್ತು," ಎಂದಳು.

"ಏನಾಯ್ತು?"

"ಟಿಕ್ ಅಂತು."

"ಟಿಕ್ ಅಂತು," ಎಂದು ಡಗನ್ ಅದನ್ನೇ ತಿರುಗಿ ಹೇಳಿ, ಬಾಯಲ್ಲಿದ್ದ ಹೊಗೆಸೊಪ್ಪನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದ. "ಟಿಕ್ ಅಂತೋ, ಟಕ್ ಅಂತೋ?"

"ತಮಾಷೆ ಮಾಡಬೇಡಿ."

"ತಮಾಸೆ ಯಾರವ್ವ ಮಾಡ್ತಾವ್ರೆ? ಎಷ್ಟ್ ಕಿತ ಅಂತು?"

"ಒಂದೇ ಸಲ."

ಎಂಟು ಸಾವಿರ ಅಡಿಯಲ್ಲಿ ಎಡಕ್ಕೆ ಗಿರಕಿ ಹೊಡೆಸಿದ್ದಳು. ವಿಮಾನದ ಮೂತಿ ನೆಲಕ್ಕೆ ನೆಟ್ಟು ಬುಗುರಿಯ ಹಾಗೆ ಸುತ್ತುತ್ತಾ ಬೀಳುವಾಗ ಬಲಪೆಡಲನ್ನು ಪೂರ್ತಿ ತುಳಿಯಬೇಕು. ಹಿಂದೆ ಬಾಲದಲ್ಲಿರುವ ಚುಕ್ಕಾಣಿ ತಿರುಗಿ ಸುತ್ತು ನಿಲ್ಲುತ್ತದೆ. ತುಳಿದಳು. ಸುತ್ತು ನಿಂತಿತು. ಆದರೆ ಕಾಲು ಪೂರ್ತಿ ಚಾಚುವ ಮೊದಲು, ಬೂಟಿನ ಅಡಿಯಲ್ಲಿ, ಒಣಗಿದ ಕಡ್ಡಿ ಮುರಿದಷ್ಟು ಸಣ್ಣದಾಗಿ ಏನೋ ಮಿಡಿಯಿತು. ಕಿವಿಗೆ ಕೇಳಿದ್ದಲ್ಲ, ಹಿಮ್ಮಡಿಗೆ ತಿಳಿದದ್ದು. ಮತ್ತೆ ಮೇಲೇರಿ ಮೂರು ಸಲ ಗಿರಕಿ ಹೊಡೆಸಿದಳು. ಪೆಡಲು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಯಿತು.

ಹೋದ ವಾರ ಒಬ್ಬ ಹುಡುಗ ಇದರ ಬಾಲವನ್ನು ನೆಲಕ್ಕೆ ಬಡಿದು ಇಳಿಸಿದ್ದ. ಡಗನ್ ಮತ್ತು ಅವನ ಆಳುಗಳು ಬಾಲ ಬಿಚ್ಚಿ, ಬಗ್ಗಿದ್ದನ್ನು ಬದಲಿಸಿ, ಪೆಡಲಿನಿಂದ ಚುಕ್ಕಾಣಿಗೆ ಹೋಗುವ ತಂತಿ ಎಳೆದು ಕಟ್ಟಿ ಮುಚ್ಚಿದ್ದರು. ನಾಳೆ ಬೆಳಿಗ್ಗೆ ಏಳಕ್ಕೆ ಇದೇ ವಿಮಾನದಲ್ಲಿ ಒಬ್ಬ ಹುಡುಗ ಮೊದಲ ಸಲ ಒಬ್ಬನೇ ಗಿರಕಿ ಹೊಡೆಸಬೇಕೆಂದು ನೋಟೀಸು ಹಲಗೆಯ ಮೇಲೆ ಬರೆದಾಗಿತ್ತು. ವೆಲ್ಮಾಳ ಜಾಗಕ್ಕೆ ಬರುವ ಗಂಡಸು ಪೈಲಟ್ ಕ್ರಿಸ್‌ಮಸ್ ಮುಗಿದ ಮೇಲೇ ಬರುವುದು.

ಡಗನ್ ರೆಕ್ಕೆ ಹತ್ತಿ ಒಳಗೆ ಬಗ್ಗಿ ನೋಡಿ, ಪೈಲಟ್ ಕೂರುವಲ್ಲಿಂದ ಒಂದು ಕಂದು ಕಂಬಳಿಯ ಸುರುಳಿ ಎಳೆದು ಹೊರಗೆ ಹಿಡಿದ. ಸುತ್ತಿದ ಹುರಿ ಅರ್ಧ ಬಿಚ್ಚಿ ಜೋತಾಡುತ್ತಿತ್ತು.

"ಇಗ ನೋಡು ನಿನ್ನ ಟಿಕ್ಕು."

ವೆಲ್ಮಾಳ ಕಿವಿ ಕೆಂಪಾಯಿತು. ಅವಳು ಐದಡಿ ಮೂರಂಗುಲದ ಹೆಂಗಸು. ವಿಮಾನಗಳನ್ನು ಆರಡಿ ಗಂಡಸರ ಅಳತೆಗೆ ಮಾಡಿದ್ದರಿಂದ ದಳದ ಗಿಡ್ಡ ಹೆಂಗಸರೆಲ್ಲ ತಮ್ಮ ತಮ್ಮ ದಿಂಬು ಹೊತ್ತೇ ಓಡಾಡುತ್ತಿದ್ದರು. ಬೆನ್ನ ಹಿಂದೆ ದಿಂಬಿಲ್ಲದಿದ್ದರೆ ಕಾಲು ಪೆಡಲಿನ ಕೊನೆ ಮುಟ್ಟುವುದಿಲ್ಲ. ವೆಲ್ಮಾಳದು ನೆಬ್ರಾಸ್ಕದಲ್ಲಿ ಅಮ್ಮ ಹೊಲಿದುಕೊಟ್ಟ ಬಾತುಕೋಳಿ ಗರಿಯ ದಿಂಬು. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಅದನ್ನು ಬಿಟ್ಟು ಹಾರಿದವಳಲ್ಲ. ಈವತ್ತು ನಸುಕಿನಲ್ಲಿ ಊರಿಗೆ ಹೋಗುವ ಟ್ರಂಕು ಕಟ್ಟುವಾಗ, ಇನ್ನು ಹಾರುವುದಿಲ್ಲ ಎಂಬ ಯೋಚನೆಯಲ್ಲೇ, ಹಾಸಿಗೆಯ ಮೇಲಿದ್ದದ್ದನ್ನೆಲ್ಲ ಅದರೊಳಗೆ ತುಂಬಿ ಬೀಗ ಹಾಕಿದ್ದಳು. ಟ್ರಂಕು ರೈಲಿಗೆ ಹೋಗಿ ಗಂಟೆಯಾದ ಮೇಲೆ, ನಾನೂರ ಹದಿನೇಳು ಸಿದ್ಧವಾಗಿದೆ, ಕೊನೆಯದಿದೊಂದು ನೋಡಿಬಿಡು ಎಂದು ಕರೆ ಬಂದಿತ್ತು. ಡಗನ್ನೇ ಕಂಬಳಿ ಮಡಿಸಿ ಹುರಿ ಸುತ್ತಿ ಕೊಟ್ಟಿದ್ದ.

"ಹುರಿ ಬಿಚ್ಕೊಂಡು ಕಂಬಳಿ ಜಾರೈತೆ. ಸೊಂಟ ಹಿಂದಕ್ ಹೋಗೈತೆ. ಕಾಲು ಲಟಕ್ ಅಂದೈತೆ. ಅಷ್ಟೆ. ಹಾಕು ಸಹಿಯ."

"ಇರಬಹುದು," ಎಂದಳು ವೆಲ್ಮಾ.

"ಇರಬೋದಲ್ಲ, ಅದೇಯ."

"ಕಂಬಳಿ ಯಾವಾಗ ಜಾರಿತು ಅಂತ ನನಗೆ ಗೊತ್ತಾಗಲಿಲ್ಲ ಸಾರ್ಜೆಂಟ್. ಇಳಿಯೋವಾಗ ಜಾರಿರಬಹುದು."

ಡಗನ್ ಕೆಳಗಿಳಿದ. ಅವನ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿತ್ತು. ಅವನ ಜೇಬಿನಲ್ಲಿ ಐದು ದಿನದ ರಜೆಯ ಚೀಟಿ ಇತ್ತು. ಎರಡು ವರ್ಷದಲ್ಲಿ ಮೊದಲನೆಯದು. ಸಂಜೆಯ ಬಸ್ಸಿಗೆ ಅರ್ಕನ್ಸಾದ ಮನೆಗೆ. ಮಗಳು ನಡೆಯಲು ಕಲಿತದ್ದನ್ನೂ ಕಾಗದದಲ್ಲೇ ಓದಿದ್ದ. ಪುಸ್ತಕದಲ್ಲಿ ಸಹಿಯ ಬದಲು ಕೆಂಪು ಕತ್ತರಿ ಗುರುತು ಬಿದ್ದರೆ, ಬಿಚ್ಚಿ ನೋಡಿ ಅಧಿಕಾರಿ ಅದನ್ನು ತೆಗೆಯುವ ತನಕ ವಿಮಾನ ನೆಲ ಬಿಡುವಂತಿಲ್ಲ. ಬಿಚ್ಚಬೇಕಾದವನು ಡಗನ್. ಬಾಲ ಬಿಚ್ಚಿ, ತಂತಿಯ ಉದ್ದಕ್ಕೂ ಬೆರಳಾಡಿಸಿ, ಮತ್ತೆ ಮುಚ್ಚುವುದೆಂದರೆ ಎರಡು ದಿನ.

"ನೋಡವ್ವ," ಎಂದ ತಗ್ಗಿದ ದನಿಯಲ್ಲಿ. "ಆ ತಂತಿಯ ನನ್ನ ಕೈಯಾರೆ ಕಟ್ಟಿವ್ನಿ. ನಾನ್ ಕಟ್ಟಿದ್ದು ಎಂದಾರ ಬಿಟ್ಟೈತಾ?"

"ಇಲ್ಲ."

"ಮತ್ತೆ?"

ವೆಲ್ಮಾ ಪುಸ್ತಕದ ಅಂಚಿನ ಧೂಳು ಒರೆಸಿದಳು. ಅವನನ್ನು ನಂಬಿ ಮಾಡಿದ ಹಾರಾಟಗಳ ಲೆಕ್ಕವೇ ಇರಲಿಲ್ಲ. ಮಿಕ್ಕವರು 'ಲಂಗದ ಪೈಲಟ್' ಎಂದು ಹಲ್ಲು ಕಿರಿದಾಗ, ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿ ಅವರನ್ನು ಸುಮ್ಮನಾಗಿಸಿದವನು ಅವನು.

ಅಷ್ಟರಲ್ಲಿ ರಿಪೇರಿ ವಿಭಾಗದ ಕ್ಯಾಪ್ಟನ್ ಲೇಥಮ್ ಹ್ಯಾಂಗರಿನಿಂದ ಹೊರಬಂದ. ಕೆಟ್ಟ ಮನುಷ್ಯನಲ್ಲ. ಮಧ್ಯಾಹ್ನ ಹೊರಡುವ ಸಾಮಾನು ವಿಮಾನದಲ್ಲಿ ನೆಬ್ರಾಸ್ಕದ ಒಮಾಹಾದವರೆಗೆ ವೆಲ್ಮಾಗೂ ಅವಳ ಕೋಣೆಯ ಗೆಳತಿ ಡಾಟ್‌ಗೂ ಜಾಗ ಮಾಡಿಸಿಕೊಟ್ಟವನು ಅವನೇ. ದಿನ ಕಳೆದ ಮೇಲೆ ಸೇನೆಯ ವಿಮಾನದಲ್ಲಿ ಅವರು ಕಾಲಿಡುವಂತಿರಲಿಲ್ಲ. ನಿಂತು ಎಲ್ಲವನ್ನೂ ಕೇಳಿದ. ಡಗನ್ ಕಂಬಳಿ ತೋರಿಸಿದ. ಕ್ಯಾಪ್ಟನ್ ಮೂಗಿನ ಮೇಲಿನ ಕನ್ನಡಕ ತೆಗೆದು ಧೂಳು ಒರೆಸಿದ.

"ವೆಲ್ಮಾ, ಸೋಮವಾರ ಊಟದ ಮನೇಲಿ ಏನಂದೆ? 'ಇನ್ನೊಂದೇ ಒಂದು ಸಲ ಗಿರಕಿ ಹೊಡೆಸಿಬಿಟ್ರೆ ಸಾಕು, ಆಮೇಲೆ ಸಾಯೋ ತನಕ ಟೈಪ್ ಮಾಡ್ಕೊಂಡಿರ್ತೀನಿ' ಅಂದೆ. ನಾವೆಲ್ಲ ಕೇಳಿಸ್ಕೊಂಡ್ವಿ."

"ಅದು ಬೇರೆ ಸರ್."

"ತಪ್ಪು ಅಂತ ನಾನು ಅಂತಿಲ್ಲ. ನೇರವಾಗಿ ಕೇಳಿದ್ರೆ ಕೊಡ್ತಿದ್ನಲ್ಲ. ಅಗೋ, ನೂರಾ ಆರು ಖಾಲಿ ನಿಂತಿದೆ. ಒಂದು ಗಂಟೆ ತಗೊಂಡು ಹೋಗು. ಎಲ್ಲಿ ಬೇಕೋ ಹಾರು, ಏನು ಬೇಕೋ ಮಾಡು, ನಾನು ಆ ಕಡೆ ತಿರುಗಿ ನಿಂತಿರ್ತೀನಿ. ಇದಕ್ಕೊಂದು ಸಹಿ ಹಾಕಿಬಿಡು, ಪಾಪ ಅವನು ಮಗಳ ಮುಖ ನೋಡ್ಲಿ."

ನೂರಾ ಆರು ಬಿಸಿಲಿನಲ್ಲಿ ಹೊಳೆಯುತ್ತಾ ನಿಂತಿತ್ತು. ವೆಲ್ಮಾ ಅದರ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತಳು. ಎಲ್ಲಕ್ಕಿಂತ ಹೆದರಿಕೆಯಾದದ್ದು ಕ್ಯಾಪ್ಟನ್‌ನ ಮಾತು ಸುಳ್ಳೆಂದು ಅವಳಿಗೆ ಅನ್ನಿಸದೆ ಹೋದದ್ದರಿಂದ. ತನಗೆ ಇನ್ನೊಂದು ಸಲ ಹಾರಬೇಕಿತ್ತು. ಮೈ ಎಲ್ಲ ಅದನ್ನೇ ಕೇಳುತ್ತಿತ್ತು. ಆ ಆಸೆಯೇ ಹಿಮ್ಮಡಿಗೆ ಇಳಿದು ಟಿಕ್ ಎಂದಿತೇ? ಬೇಕಾದವರಿಗೆ ಬೇಕಾದದ್ದು ಕೇಳಿಸುತ್ತದೆ. ಸಂಜೆ ಶಾಲೆಯಲ್ಲಿ ಟೈಪಿಂಗ್ ಕಲಿತು, ಆ ಸಂಬಳದಲ್ಲಿ ಹಾರುವುದನ್ನು ಕಲಿತವಳು ಅವಳು. ತನ್ನ ಆಸೆ ಎಷ್ಟು ದೂರ ತನ್ನನ್ನು ಎಳೆಯಬಲ್ಲದು ಎಂದು ಅವಳಿಗೆ ಗೊತ್ತಿತ್ತು.

"ನೂರಾ ಆರು ಬೇಡ ಸರ್. ಇದನ್ನೇ ಇನ್ನೊಂದು ಸಲ ಒಯ್ತೀನಿ."

ಡಗನ್ ಪಕ್ಕಕ್ಕೆ ತಿರುಗಿ ಹೊಗೆಸೊಪ್ಪು ಉಗಿದ. ಕ್ಯಾಪ್ಟನ್ ಗಡಿಯಾರ ನೋಡಿಕೊಂಡ. "ಒಂದೂವರೆಗೆ ಏರು. ಎರಡೂವರೆಗೆ ನೆಲದ ಮೇಲಿರ್ಬೇಕು. ಮೂರಕ್ಕೆ ನಿಮ್ಮ ವಿಮಾನ ಹೊರಡತ್ತೆ, ನಿನಗೋಸ್ಕರ ಕಾಯೋದಿಲ್ಲ."

ಊಟ ಸೇರಲಿಲ್ಲ. ಒಂದೂಕಾಲಿಗೆ ಡಾಟ್ ಓಡುತ್ತಾ ಬಂದಳು. ಇವಳಿಗಿಂತ ಒಂದಂಗುಲ ಗಿಡ್ಡ, ನಾಲಿಗೆ ಮಾತ್ರ ಒಂದು ಮೊಳ ಉದ್ದ. ಕಂಕುಳಲ್ಲಿ ತನ್ನ ದಿಂಬು.

"ತಗೊಳೇ ಪುಣ್ಯಾತ್ಗಿತ್ತಿ. ಚೀಲ ಎಲ್ಲಾ ಬಿಚ್ಚಿ ಸುರಿದು ಹುಡುಕ್ದೆ. ನನ್ನ ಒಳಲಂಗ ಎಲ್ಲಾ ಕಾವಲಿನವನ ಮುಂದೆ ಮೆರವಣಿಗೆ ಹೋಯ್ತು."

"ಬೇಡ ಕಣೇ. ಬೆಳಿಗ್ಗೆ ಇದ್ದ ಕಂಬಳೀನೇ ಇರಲಿ."

"ಯಾಕೆ?"

"ಕಂಬಳಿಯಿಂದ್ಲೇ ಆದದ್ದಾದ್ರೆ ಮತ್ತೆ ಆಗ್ಬೇಕಲ್ಲ. ಆಗ ಸಹಿ ಹಾಕಿ ಬರ್ತೀನಿ."

ಡಾಟ್ ದಿಂಬನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡಳು. "ಆಗ್ದೇ ಹೋದ್ರೆ?"

ವೆಲ್ಮಾ ಪ್ಯಾರಾಚೂಟಿನ ಪಟ್ಟಿ ಎಳೆದುಕೊಂಡಳು.

ಡಗನ್ ಕಂಬಳಿ ಸುತ್ತಿ ತಂದ. ಅವಳ ಬೆನ್ನ ಹಿಂದೆ ಇಟ್ಟು ಗುದ್ದಿ ಕೂರಿಸಿ, ಭುಜದ ಪಟ್ಟಿ ಬಿಗಿದು, ಇಳಿದು ಹೋದ. ಯಾವಾಗಲೂ ಇಳಿಯುವ ಮುನ್ನ ಅವಳ ಶಿರಸ್ತ್ರಾಣದ ಮೇಲೆ ಎರಡು ಬೆರಳಿಂದ ತಟ್ಟುತ್ತಿದ್ದ. ಈ ಸಲ ತಟ್ಟಲಿಲ್ಲ.

ಮೇಲೆ ಗಾಳಿ ತಿಳಿಯಾಗಿತ್ತು. ಕೆಳಗೆ ಬಯಲು, ಬಯಲಿನ ಮೇಲೆ ಒಂದೇ ಒಂದು ಗೀಟಿನಂತೆ ರೈಲುದಾರಿ. ಎಂಟು ಸಾವಿರ ಅಡಿಗೆ ಬಂದು, ಎಂಜಿನ್ನು ಇಳಿಸಿ, ಮೂತಿ ಎತ್ತಿ, ವಿಮಾನ ನಡುಗಿ ಕೈಬಿಡುವ ತನಕ ಹಿಡಿದು, ಎಡಕ್ಕೆ ಬೀಳಿಸಿದಳು. ಬಯಲು ಸುತ್ತಿತು. ಒಂದು, ಎರಡು, ಮೂರು. ಬಲಪೆಡಲು ತುಳಿದಳು. ಹಿಮ್ಮಡಿಯಲ್ಲೇ ಜೀವವಿಟ್ಟುಕೊಂಡು ಕೇಳಿದಳು. ಏನಿಲ್ಲ. ಮತ್ತೆ ಏರಿದಳು. ಏನಿಲ್ಲ. ಒರಟಾಗಿ ತುಳಿದಳು, ಮೆತ್ತಗೆ ತುಳಿದಳು, ಅರ್ಧ ತುಳಿದು ಬಿಟ್ಟು ತುಳಿದಳು. ಬಲಕ್ಕೆ ಬೀಳಿಸಿ ನೋಡಿದಳು. ಕಂಬಳಿ ಕಲ್ಲಿನ ಹಾಗೆ ಕೂತಿತ್ತು, ಪೆಡಲು ಬೆಣ್ಣೆಯ ಹಾಗೆ ಇಳಿಯುತ್ತಿತ್ತು.

ಐದನೆಯ ಗಿರಕಿಯಿಂದ ಎದ್ದು ಬಿಸಿಲಿಗೆ ಮುಖವಾದಾಗ ಅವಳಿಗೆ ತಾನು ಹಾಡಿಕೊಳ್ಳುತ್ತಿದ್ದೇನೆಂದು ತಿಳಿಯಿತು. ಎಷ್ಟು ಹೊತ್ತಿನಿಂದಲೋ. ಬಾಯಿ ಗಪ್ಪನೆ ಮುಚ್ಚಿದಳು. ನಾಚಿಕೆಯಾಯಿತು. ಕೆಳಗೆ ಒಬ್ಬ ತಂದೆ ಬಸ್ಸು ತಪ್ಪಿಸಿಕೊಳ್ಳುವ ಹೊತ್ತಿನಲ್ಲಿ, ತಾನಿಲ್ಲಿ ಹಾಡುತ್ತಿದ್ದೇನೆ. ಕ್ಯಾಪ್ಟನ್ ಹೇಳಿದ್ದೇ ಸರಿ. ಇದಕ್ಕೇ ಬಂದದ್ದು. ಇನ್ನೆರಡು ಗಿರಕಿಯನ್ನು ಹಲ್ಲು ಕಚ್ಚಿಕೊಂಡು, ಶಿಕ್ಷೆಯಂತೆ ಹೊಡೆಸಿದಳು. ಏನೂ ಇಲ್ಲ. ಎರಡು ಇಪ್ಪತ್ತೆಂಟಕ್ಕೆ ಚಕ್ರ ನೆಲ ಮುಟ್ಟಿತು. ಅಷ್ಟು ಹದವಾಗಿ ಅವಳು ಎಂದೂ ಇಳಿಸಿರಲಿಲ್ಲ.

"ಏನಾರ ಅಂತಾ?" ಡಗನ್ ರೆಕ್ಕೆಯ ಮೇಲೆ ನಿಂತು ಕೇಳಿದ.

"ಇಲ್ಲ."

"ಏಸ್ ಕಿತ?"

"ಏಳು."

ಅವನ ಮುಖದಲ್ಲಿ ಹಗುರ ಕಂಡಿತು. "ನಾ ಹೇಳ್ಲಿಲ್ವಾ," ಎಂದು ಅವಳ ಬೆನ್ನ ಹಿಂದಿನಿಂದ ಕಂಬಳಿ ಎಳೆದ. ವೆಲ್ಮಾಳ ಕಣ್ಣು ಅದರ ಮೇಲೆ ಬಿತ್ತು. ಬೆಳಿಗ್ಗೆ ಎರಡು ಸುತ್ತು ಹುರಿ ಇದ್ದಲ್ಲಿ ಈಗ ಆರು ಸುತ್ತು, ಮೂರು ಗಂಟು.

"ಬಿಗಿಯಾಗಿ ಕಟ್ಟಿದ್ದೀರಿ."

"ಮತ್ತೆ ಜಾರಲಿ ಅಂತ ಬುಡ್ಲಾ? ಬಿದ್ದು ಸಾಯ್ತಿದ್ದೆ."

ಅವನು ಅವಳ ಒಳ್ಳೆಯದಕ್ಕೇ ಕಟ್ಟಿದ್ದ. ಆದರೆ ಏಳು ಗಿರಕಿಗಳಿಂದ ತಿಳಿದದ್ದು ಇಷ್ಟೇ: ಕಂಬಳಿ ಜಾರದಿದ್ದಾಗ ಟಿಕ್ ಇಲ್ಲ. ಜಾರಿದರೆ ಇರುತ್ತಿತ್ತೇ, ಅಥವಾ ಜಾರಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲವೇ, ಇನ್ನೊಮ್ಮೆ ಹಾರಿ ನೋಡಲು ಹೊತ್ತಿಲ್ಲ. ಆಚೆ ಸಾಮಾನು ವಿಮಾನದ ಒಂದು ಎಂಜಿನ್ ಆಗಲೇ ಕೆಮ್ಮಿ ಶುರುವಾಗಿತ್ತು. ಅದರ ಬಾಗಿಲಲ್ಲಿ ಡಾಟ್ ನಿಂತು ಎರಡೂ ಕೈ ಬೀಸುತ್ತಿದ್ದಳು.

ಕ್ಯಾಪ್ಟನ್ ಲೇಥಮ್ ಪುಸ್ತಕ ತಂದು ಅವಳ ಮುಂದೆ ತೆರೆದು ಹಿಡಿದ. "ಹೂಂ?"

ಪೆನ್ಸಿಲು ಮತ್ತೆ ಕಾಗದದ ಮೇಲೆ ನಿಂತಿತು. ಸಹಿ ಹಾಕಲೆಂದೇ ಕೈ ಬಂದಿತ್ತು. 'ವೆ' ಎಂಬಷ್ಟು ಗೀಚಲು ಹೋಗಿ ನಿಂತಿತು.

ಡಗನ್‌ಗೆ ತಡೆಯಲಾಗಲಿಲ್ಲ. "ಇನ್ನೇನವ್ವ? ನಿನ್ನ ಬುದ್ದಿನೇ ಕೇಳ್ಕೋ. ನಾಳಿಕೂ ನೀನಿಲ್ಲೇ ಇದ್ದಿದ್ರೆ ಏನ್ ಮಾಡ್ತಿದ್ದೆ? ಈಟಕ್ಕೆಲ್ಲ ಕೆಂಪ್ ಗೀಟ್ ಎಳೀತಿದ್ಯಾ?"

ಚುಚ್ಚಲೆಂದು ಕೇಳಿದ್ದು. ಆದರೆ ವೆಲ್ಮಾ ಅದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡಳು. ನಾಳೆ ತಾನಿದ್ದಿದ್ದರೆ ಎಂದು ಯೋಚಿಸಿದಳು. ನಸುಕು, ಕಾಫಿ, ದಿಂಬು ಹೊತ್ತು ಹ್ಯಾಂಗರಿಗೆ ನಡೆಯುವುದು, ಡಗನ್‌ನ ಬೈಗುಳ.

"ಇಲ್ಲ," ಎಂದಳು. "ನಾಳೆ ಇದ್ದಿದ್ರೆ ಸಹಿ ಹಾಕ್ತಿದ್ದೆ."

"ಅಂಗಾರೆ ಹಾಕು!"

"ಹಾಕಿ, ಏಳು ಗಂಟೆಗೆ ಆ ಹುಡುಗ ಬರೋ ಮುಂಚೆ ಬಂದು, ನಾನೇ ಇನ್ನೊಂದು ಸಲ ಒಯ್ತಿದ್ದೆ. ಒಂದು ಸಲ ಅದು ಟಿಕ್ ಅಂದಿತ್ತು ಅಂತ ಮುಂದಿನ ತಿಂಗಳೂ ನೆನಪಿಟ್ಕೊಂಡು ಅದರ ಮೇಲೆ ಕಣ್ಣಿಟ್ಟಿರ್ತಿದ್ದೆ. ನಾಳೆ ಇಲ್ಲಿ ಯಾರಿಗೆ ಅದು ನೆನಪಿರತ್ತೆ ಸಾರ್ಜೆಂಟ್? ನೀವು ಬಸ್ಸಲ್ಲಿರ್ತೀರಿ. ನಾನು ಮನೇಲಿರ್ತೀನಿ."

ವೆಲ್ಮಾ ಕ್ಯಾಪ್ಟನ್‌ನ ಜೇಬಿನಿಂದ ಕೆಂಪು ಪೆನ್ಸಿಲನ್ನು ಕೇಳದೆಯೇ ತೆಗೆದುಕೊಂಡು ಎರಡು ಗೀಟು ಎಳೆದಳು, ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ. ಆಮೇಲೆ ಕೆಳಗೆ, ಧೂಳು ಒರೆಸಿಕೊಂಡು, ನಿಧಾನವಾಗಿ ಬರೆದಳು: 'ಎಡ ಗಿರಕಿಯಿಂದ ಎತ್ತುವಾಗ ಬಲಪೆಡಲಿನಲ್ಲಿ ಒಂದು ಸಲ ಸಣ್ಣ ಮಿಡಿತ. ಆಮೇಲೆ ಹತ್ತು ಸಲ ನೋಡಿದರೂ ಬರಲಿಲ್ಲ. ಪೈಲಟ್ ದಿಂಬಿನ ಬದಲು ಕಂಬಳಿ ಇಟ್ಟುಕೊಂಡಿದ್ದಳು. ತಪ್ಪು ಅವಳದೇ ಇರಬಹುದು. ತಂತಿ ನೋಡುವ ತನಕ ಹಾರಿಸಬಾರದು.'

ಕ್ಯಾಪ್ಟನ್ ಓದಿದ. "ಇದನ್ನ ತೆಗೆದುಹಾಕೋ ಅಧಿಕಾರ ನನಗಿದೆ, ಗೊತ್ತಲ್ಲ?"

"ಗೊತ್ತು ಸರ್. ತೆಗೆದ್ರೂ ಬರೆದದ್ದು ಇರತ್ತೆ."

ಡಗನ್‌ನ ಕಡೆಗೆ ಕೈ ಚಾಚಿದಳು. ಅವನು ಆ ಕೈಯನ್ನು ನೋಡಿದ. ತನ್ನ ಗ್ರೀಸು ಮೆತ್ತಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿದ, ಮತ್ತೂ ಒರೆಸಿದ, ಕೊನೆಗೆ ಕೈ ಕೊಡದೆಯೇ ಜೇಬಿಗೆ ತುರುಕಿಕೊಂಡ.

"ನಡಿಯವ್ವ," ಎಂದ, ಅವಳ ಭುಜದಾಚೆ ಎಲ್ಲೋ ನೋಡುತ್ತಾ. "ನಿನ್ ಗಾಡಿ ಒಂಟೋಯ್ತದೆ."

ಅವಳು ಓಡಿದಳು. ಡಾಟ್ ತೋಳು ಹಿಡಿದು ಒಳಕ್ಕೆ ಎಳೆದುಕೊಂಡಳು, ಬಾಗಿಲು ಮುಚ್ಚಿತು. ಟಪಾಲು ಚೀಲಗಳ ಮೇಲೆ ಇಬ್ಬರೂ ಕೂತರು. ಡಾಟ್ ಅವಳ ಕೈ ಮೇಲಿನ ಕೆಂಪು ಪೆನ್ಸಿಲಿನ ಗುರುತು ನೋಡಿ ತನ್ನ ದಿಂಬನ್ನು ಅವಳ ಬೆನ್ನ ಹಿಂದೆ ತುರುಕಿದಳು.

ವಿಮಾನ ಎದ್ದು, ನೆಲೆಯ ಮೇಲೆ ಒಂದು ಸುತ್ತು ಬಂದು ಉತ್ತರಕ್ಕೆ ತಿರುಗಿತು. ಸಣ್ಣ ದುಂಡು ಕಿಟಕಿಯಲ್ಲಿ ವೆಲ್ಮಾ ಕೆಳಗೆ ನೋಡಿದಳು. ಮಿಕ್ಕ ವಿಮಾನಗಳನ್ನು ಸಾಲಾಗಿ ಕಟ್ಟಿ ಹಾಕಿದ್ದರು. ನಾನೂರ ಹದಿನೇಳು ಒಂದೇ ಇಳಿದ ಜಾಗದಲ್ಲಿ, ಬಯಲಿನಲ್ಲಿ ನಿಂತಿತ್ತು. ಗಾಳಿಗೆ ಆಡದಂತೆ ಬಿಗಿಯುವ ಹಲಗೆಯನ್ನು ಅದರ ಚುಕ್ಕಾಣಿಗೆ ಇನ್ನೂ ಯಾರೂ ಸಿಕ್ಕಿಸಿರಲಿಲ್ಲ. ಗಾಳಿಗೆ ಅದು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗುತ್ತಿತ್ತು. ಒಬ್ಬ ಮನುಷ್ಯ ಹ್ಯಾಂಗರಿನಿಂದ ಹೊರಟು ಅದರ ಕಡೆಗೆ ನಡೆದುಹೋಗುತ್ತಿದ್ದ. ಅವನ ಕೈಯಲ್ಲಿ ಏನೋ ಇತ್ತು. ಚುಕ್ಕಾಣಿ ಬಿಗಿಯುವ ಹಲಗೆಯೋ, ಬಾಲ ಬಿಚ್ಚುವ ಸಲಕರಣೆಯ ಪೆಟ್ಟಿಗೆಯೋ, ಅಷ್ಟು ಎತ್ತರದಿಂದ ಅವಳಿಗೆ ತಿಳಿಯಲಿಲ್ಲ. ಆಮೇಲೂ ತಿಳಿಯಲಿಲ್ಲ. ಆ ತಂತಿಯಲ್ಲಿ ಏನಾದರೂ ಇತ್ತೇ ಎಂಬುದು ಈ ಕಥೆ ಹೇಳುವವರಿಗೂ ಗೊತ್ತಿಲ್ಲ.